ಬಿಜಲಿಯನ್ನು ಗುಡ್ಡದ ಬಾಯಿಗೆ ಕಟ್ಟಿದ ಹಿಂಗಾರಿ

ಮೊನ್ನೆ ಬೀಳಗಿಗೆ ಕಣ್ಣು ತೋರಿಸಲು ಹೋಗಿ ತಿರುಗಿ ಬರುವಾಗ ನಮ್ಮ ಬಸ್ಸು ಗುಡ್ಡದ ತಿರುವಿನಲ್ಲಿ ನಿಂತುಬಿಟ್ಟಿತು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರಿನ ಡಬ್ಬಿ ಮಗುಚಿ ರಸ್ತೆ ತುಂಬ ಕಬ್ಬು ಚೆಲ್ಲಿತ್ತು. ಮಂದಿಗೆ ಅದೊಂದು ಹಬ್ಬವೇ ಆಯಿತು. ಎಲ್ಲರೂ ಇಳಿದು ಕಬ್ಬು ಮುರಿದುಕೊಂಡು, ಕಂಡಕ್ಟರನಿಗೂ ಒಂದು ತುಂಡು ಕೊಟ್ಟು ನಿಂತರು. ನಾನೂ ಇಳಿದೆ. ಮಧ್ಯಾಹ್ನ ಒಂದು ಜೋರು ಮಳೆ ಆಗಿತ್ತು. ಗುಡ್ಡದ ಕಡೆಯಿಂದ ಗಾಳಿ ಬೀಸಿದ್ದೇ ತಡ, ತೊಯ್ದ ಬಂದರಿ ಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು.

ಬಂದರಿ ನಮ್ಮ ಕಡೆಯ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಗಿಡ. ಎಲೆ ಮುಟ್ಟಿದರೆ ಕೈಗೆ ಅಂಟುತ್ತದೆ. ಅದರ ವಾಸನೆಯಿಂದ ನಾನು ಕೆಲವು ವರ್ಷಗಳಿಂದ ತಪ್ಪಿಸಿಕೊಂಡು ತಿರುಗುತ್ತಿದ್ದೇನೆ. ಬೀಳಗಿಯ ದಾರಿ ಗುಡ್ಡ ಹಾಯ್ದು ಹೋಗುವುದರಿಂದ, ಅಲ್ಲಿ ಕೆಲಸವಿದ್ದರೆ ಬೇಸಿಗೆಯಲ್ಲಿಯೇ ಮುಗಿಸಿಬಿಡುತ್ತೇನೆ. ಈ ಸಲ ಕಣ್ಣಿನ ಪೊರೆ ಬೇಸಿಗೆಯವರೆಗೆ ಕಾಯಲಿಲ್ಲ.

ಆ ವಾಸನೆಯೊಳಗೆ ನನ್ನದೊಂದು ಹಿಂಗಾರಿ ಇದೆ. ಆಗ ಮಾಡಿದ ಕೆಲಸವನ್ನು ಹೆಂಡತಿಯ ಮುಂದೆಯೂ ಪೂರ್ತಿ ಹೇಳಿರಲಿಲ್ಲ. ಆ ಗುಡ್ಡದ ತೋಳಗಳು ತೋಳಗಳಾಗಿ ಉಳಿಯದೆ ಹೋದದ್ದು ನನ್ನಿಂದ. ಬರೆದರೆ ಏನೂ ಸರಿಹೋಗುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಮ್ಮ ಊರು ಮುಧೋಳಕ್ಕೂ ಬೀಳಗಿಗೂ ನಡುವೆ. ಕಾಲುವೆ ಬಂದ ಮೇಲೆ ಊರಿನ ಒಂದು ಮಗ್ಗುಲಿಗೆ ಕಬ್ಬು ಬಂತು. ಇನ್ನೊಂದು ಮಗ್ಗುಲಿಗೆ ಮೊದಲಿನಂತೆಯೇ ಕುರುಚಲು ಗುಡ್ಡ, ಬಂದರಿ, ತಂಗಡಿ, ಕಾರಿ ಕಂಟಿ, ಅವುಗಳ ನಡುವೆ ಚಿಗರಿ. ಆ ಗುಡ್ಡದಲ್ಲಿ ತೋಳಗಳಿದ್ದವು. ಸಂಜೆ ತೋಳ ಕೂಗಿತೆಂದರೆ ಊರಿನ ಬೀದಿ ನಾಯಿಗಳೆಲ್ಲ ಬಾಯಿ ಮುಚ್ಚಿಕೊಂಡು ಬಂಡಿಯ ಕೆಳಗೆ ಸೇರುತ್ತಿದ್ದವು. ಹಗಲೆಲ್ಲ ಶೂರರಂತೆ ಮೋಟರ್ ಸೈಕಲ್ಲಿನ ಬೆನ್ನು ಹತ್ತುವ ನಾಯಿಗಳು ಆಗ ಉಸಿರು ಬಿಡುತ್ತಿರಲಿಲ್ಲ. ನನ್ನ ಹೆಂಡತಿ ಶಾಂತವ್ವ ಅಂಗಳದಲ್ಲಿ ರೊಟ್ಟಿ ಬಡಿಯುತ್ತ, "ಈಗ ಬೊಗಳ್ರಿ ನೋಡೂಣು, ಗಂಡಸರಾ" ಎಂದು ಅವನ್ನು ಕೆಣಕುತ್ತಿದ್ದಳು.

ನಮ್ಮದು ಒಕ್ಕಲುತನದ ಮನೆ. ಅದರ ಜೊತೆಗೆ ಮುಧೋಳ ನಾಯಿ ಸಾಕುವುದು ಅಜ್ಜನ ಕಾಲದಿಂದ ಬಂದದ್ದು. ಉದ್ದ ಮೋರೆ, ಬೆನ್ನಿಗೆ ಹತ್ತಿದ ಹೊಟ್ಟೆ, ಜಿಂಕೆಯಂಥ ಕಾಲು. ಹೆಣ್ಣು ನಾಯಿ ಬೆದೆಗೆ ಬಂತೆಂದರೆ ಅಪ್ಪ ಅದನ್ನು ಹೊಟ್ಟಿನ ಕೋಣೆಯಲ್ಲಿ ಹಾಕಿ, ಬಾಗಿಲಿಗೆ ಮಂಚ ಅಡ್ಡ ಇಟ್ಟು, ಬಡಿಗೆ ಹಿಡಿದು ಅದರ ಮೇಲೆಯೇ ಕೂಡುತ್ತಿದ್ದ. ಊರಿನ ಗಂಡು ನಾಯಿಗಳೆಲ್ಲ ಹೊರಗೆ ಬೀಗರಂತೆ ಸಾಲಾಗಿ ಕುಳಿತಿರುತ್ತಿದ್ದವು. ಎಷ್ಟು ಕಾದರೂ ಒಂದಲ್ಲ ಒಂದು ಸಲ ಯಾವುದೋ ಬೀದಿ ನಾಯಿ ಒಳಗೆ ನುಗ್ಗಿಯೇ ಇರುತ್ತಿತ್ತು. ಹಾಗಿದ್ದೂ ನಮ್ಮ ನಾಯಿ ನಮ್ಮ ನಾಯಿಯಾಗಿಯೇ ಇತ್ತು. ಏಕೆಂದರೆ ಮರಿ ದೊಡ್ಡವಾದ ಮೇಲೆ ಅಪ್ಪ ಆರಿಸುತ್ತಿದ್ದ. ಬಾಲ ಸುರುಳಿ ಸುತ್ತಿದ್ದು, ಮೋರೆ ಮೊಂಡಾದದ್ದು, ಓಡುವಾಗ ಬೆನ್ನು ಬಾಗದಿದ್ದದ್ದು ಕುರಿಗಾರರ ಪಾಲಾಗುತ್ತಿತ್ತು. ಉಳಿದದ್ದರಿಂದ ಮುಂದಿನ ಮರಿ.

ನನ್ನ ಕೈಗೆ ಬರುವ ಹೊತ್ತಿಗೆ ನಾಯಿಗಳು ಸೊರಗಿದ್ದವು. ಕಾವಲು ಹೆಚ್ಚಾಗಿ, ಒಂದೇ ಮನೆಯ ನಾಯಿಗಳ ನಡುವೆಯೇ ಮರಿ ಮಾಡಿಸಿ ಮಾಡಿಸಿ, ಚರ್ಮದ ರೋಗ, ಮೆತ್ತನೆಯ ಎಲುಬು. ಜಮಖಂಡಿಯವನೊಬ್ಬ ನಮ್ಮಲ್ಲಿಂದ ಒಯ್ದ ನಾಯಿಯನ್ನು ವರ್ಷ ತುಂಬುವುದರೊಳಗೆ ತಿರುಗಿ ತಂದು ಅಂಗಳದಲ್ಲಿ ಬಿಟ್ಟ.

"ಕಾಕಾ, ನಿಮ್ಮ ನಾಯಿ ಮೊಲದ ಬೆನ್ನ ಹತ್ತಿ ಅರ್ಧ ಹೊಲಕ್ಕ ಕುಂತ ಬಿಡತೈತ್ರಿ. ಮೊಲಾನ ನಿಂತು ತಿರುಗಿ ನೋಡ್ತು ನೋಡ್ರಿ, 'ಯಾಕಪಾ, ಆರಾಮ ಇಲ್ಲೇನ?' ಅಂದಂಗ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಆ ನಗೆ ನನ್ನ ಎದೆಯಲ್ಲಿ ಉಳಿದುಬಿಟ್ಟಿತು. ಅಪ್ಪ ಹೇಳುತ್ತಿದ್ದ ಒಂದು ಮಾತು ಆಗ ನೆನಪಾಗತೊಡಗಿತು. ನಾಯಿಯ ಕಸುವು ಇಳಿದಾಗ, ಬೆದೆಗೆ ಬಂದ ಹೆಣ್ಣನ್ನು ಗುಡ್ಡದ ಬಾಯಿಗೆ ಕಟ್ಟಿ ಬರುವುದು ಹಿಂದೆ ಇತ್ತಂತೆ. ತೋಳ ಇಳಿದು ಬಂದು ಕೂಡುತ್ತದಂತೆ. "ಗುಡ್ಡದ ರಕ್ತ ಒಂದ ಹನಿ ಬಿದ್ರ ಏಳ ತಲಿ ಓಡತೈತಿ" ಎನ್ನುತ್ತಿದ್ದ ಅಪ್ಪ. ಅವನು ಅದನ್ನು ಮಾಡಿದ್ದನ್ನು ನಾನು ನೋಡಿಲ್ಲ. ಅವನು ತನ್ನ ಅಜ್ಜನ ಬಾಯಿಂದ ಕೇಳಿದ್ದ, ಅಷ್ಟೆ.

ಆ ವರ್ಷ ಮುಂಗಾರಿನ ಕೊನೆಗೆ ಸುಧಾ ನಮ್ಮ ಊರಿಗೆ ಬಂದಳು. ರಬಕವಿಯ ನೇಕಾರರ ಮಗಳು. ತಂದೆ ಪವರ್‌ಲೂಮ್ ನಡೆಸುವವರು. ಯೂನಿವರ್ಸಿಟಿಯಲ್ಲಿ ಪ್ರಾಣಿಗಳ ಬಗ್ಗೆ ಓದುತ್ತಿದ್ದಳು. ನಮ್ಮ ಗುಡ್ಡದ ತೋಳಗಳ ಕೂದಲು, ಹಿಕ್ಕೆ ಆರಿಸಿ ಪರೀಕ್ಷೆಗೆ ಕಳಿಸುವುದು ಅವಳ ಕೆಲಸ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಉಳಿದಳು. ಬಂದ ಮರುದಿನವೇ ಶಾಂತವ್ವನಿಗೂ ಅವಳಿಗೂ ಕೂಡಿಬಂತು.

"ಅಷ್ಟ ಸಾಲಿ ಕಲತು ತ್ವಾಳದ ಹೇಲಾ ಆರಸಾಕ ಬಂದೀಯೇನ ಬೇ? ನಿಮ್ಮವ್ವಗ ಗೊತ್ತೈತೇನ?"

"ಗೊತ್ತೈತ್ರಿ ಕಾಕು. ಓಣ್ಯಾಗ ಮಾತ್ರ, ನಮ್ಮಾಕಿ ಬ್ಯಾಂಕಿನ್ಯಾಗ ಅದಾಳ ಅಂತ ಹೇಳ್ಯಾಳ."

ಗುಡ್ಡ ತೋರಿಸಲು ಬೀರಪ್ಪ ಅವಳ ಜೊತೆ ಹೋಗುತ್ತಿದ್ದ. ಬೀರಪ್ಪ ಕುರಿ ಕಾಯುವವ, ನನ್ನ ಸಾಲಿಯ ಗೆಳೆಯ. ಅವನ ಹಟ್ಟಿ ಗುಡ್ಡದ ಬುಡದಲ್ಲಿಯೇ. ತೋಳ ವರ್ಷಕ್ಕೆ ಒಂದೆರಡು ಮರಿ ಒಯ್ದರೂ ಅವನು ಶಾಪ ಹಾಕುತ್ತಿರಲಿಲ್ಲ; ಅದು ಅದರ ಪಾಲು ಎನ್ನುತ್ತಿದ್ದ. ಗುಡ್ಡದಲ್ಲಿ ಆಗ ಒಂದೇ ಗುಂಪು ಉಳಿದಿತ್ತು. ಒಂದು ಗಂಡು, ಅದರ ಜೋಡಿ ಹೆಣ್ಣು, ಹಿಂದಿನ ವರ್ಷದ ಮರಿಗಳು. ಆ ಹೆಣ್ಣನ್ನು ಬೀರಪ್ಪ ಹಿರಿಯಾಕಿ ಎಂದು ಕರೆಯುತ್ತಿದ್ದ. ಸುಧಾ ಕೂಡ ಆಮೇಲೆ ಹಾಗೇ ಕರೆಯತೊಡಗಿದಳು.

ಒಂದು ಸಂಜೆ ಊಟಕ್ಕೆ ಕುಳಿತಾಗ ನಾನು ಅವಳನ್ನು ಕೇಳಿದೆ. ಮನಸ್ಸಿನಲ್ಲಿ ಅಪ್ಪನ ಮಾತು ಇಟ್ಟುಕೊಂಡೇ ಕೇಳಿದೆ.

"ತ್ವಾಳಕ್ಕೂ ನಾಯಿಗೂ ಮರಿ ಆಗತಾವೇನವಾ?"

"ಆಗತಾವ್ರಿ. ಆ ಮರಿಗೂ ಮರಿ ಆಗತಾವ."

"ಅಂದ್ರ ಎರಡೂ ಒಂದ ಅಂದಂಗಾತು. ನಮ್ಮ ಹೈಸ್ಕೂಲ್ ಮಾಸ್ತರು ಹೇಳಿದ್ರು. ಕುದರಿಗೂ ಕತ್ತಿಗೂ ಹೇಸರಗತ್ತಿ ಹುಟ್ಟತೈತಿ, ಹೇಸರಗತ್ತಿಗೆ ಮುಂದ ಮರಿ ಇಲ್ಲ, ಅದಕ್ಕ ಅವು ಬ್ಯಾರೆ ಜಾತಿ. ಕೂಡಿ ವಂಶ ಬೆಳದ್ರ ಒಂದ ಜಾತಿ."

ಸುಧಾ ನಕ್ಕಳು. "ನಾನೂ ಅದನ್ನ ಬರದ ಪಾಸಾಗೇನ್ರಿ ಕಾಕಾ. ಆದ್ರ ಗುಡ್ಡ ಆ ಪುಸ್ತಕ ಓದಿಲ್ಲ."

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಡುವೆ ಹೊಳೆಯೋ ಬೆಟ್ಟವೋ ಬಂದು ಎರಡು ಗುಂಪು ಒಂದನ್ನೊಂದು ನೋಡದಂತಾದರೆ ಕಾಲಕ್ರಮದಲ್ಲಿ ಬೇರೆ ಜಾತಿಯಾಗುತ್ತವೆ ಎಂದು ಮೊದಲು ತಿಳಿದಿದ್ದರಂತೆ. ಅದೂ ಇದೆ. ಆದರೆ ಹೊಳೆಯೂ ಇಲ್ಲದೆ ಬೆಟ್ಟವೂ ಇಲ್ಲದೆ, ಒಂದೇ ಬಯಲಿನಲ್ಲಿ, ಆಗೀಗ ಕೂಡುತ್ತಲೇ ಬೇರೆಯಾಗುವ ಜೀವಿಗಳೂ ಇವೆ. ತೋಳದ ಹೊಟ್ಟೆಯಿಂದಲೇ ನಾಯಿ ಬಂದದ್ದು. ಬಂದ ಮೇಲೂ ಅವುಗಳ ಕೂಡಾಟ ಪೂರ್ತಿ ನಿಂತಿಲ್ಲ. ಆದರೂ ಗುಡ್ಡದ ಮೇಲೆ ತೋಳ ಉಳಿದಿದೆ, ಅಂಗಳದಲ್ಲಿ ನಾಯಿ ಉಳಿದಿದೆ.

"ಹೆಂಗ ಉಳಿತಾವಂದ್ರ, ನಡುವಿನ ಮರಿಗೆ ಎರಡೂ ಕಡೆ ಜಾಗ ಇಲ್ರಿ. ಮಂದಿ ಹೆದರಿಕಿ ಇಲ್ಲದ ಮರಿ ಗುಡ್ಡದಾಗ ಹುಟ್ಟಿದ್ರ ಹಟ್ಟಿ ಸನೇಕ ಬಂದು ಬಡಿಗಿ ಪೆಟ್ಟ ತಿಂತೈತಿ. ಹೆದರಿಕಿ ಹೆಚ್ಚಿದ್ದು ಊರಾಗ ಹುಟ್ಟಿದ್ರ ರೊಟ್ಟಿ ಹತ್ತರ ಬರಾಕ ಅಂಜಿ ಉಪವಾಸ ಸಾಯತೈತಿ. ಮೈಬಣ್ಣದಂಥಾವು ಕೆಲವು ಗುಣ ಅತ್ತಿಂದಿತ್ತ ದಾಟತಾವ. ಆದ್ರ ಬದಕಾಕ ಬೇಕಾದ ಗುಣ ದಾಟಾಕ ಹೋದ್ರ ಗುಡ್ಡ ಒಪ್ಪೂದಿಲ್ಲ, ಊರೂ ಒಪ್ಪೂದಿಲ್ಲ."

ನನಗೆ ಥಟ್ಟನೆ ಅಪ್ಪ ನೆನಪಾದ. ಅವನು ಮರಿ ಆರಿಸಿದ ಹಾಗೆ ಗುಡ್ಡವೂ ಆರಿಸುತ್ತದೆ.

ಶಾಂತವ್ವನಿಗೆ ಅರ್ಥವಾಗಲಿಲ್ಲ. ಸುಧಾ ಎದ್ದು ಹೋಗಿ ಅವಳ ಸೆರಗು ಹಿಡಿದು ಲಾಟೀನಿನಂತೆ ತೂಗುತ್ತಿದ್ದ ಬಲ್ಬಿನ ಕೆಳಗೆ ಬಿಚ್ಚಿದಳು. ಹಸಿರು ಒಡಲು, ಕೆಂಪು ದಡಿ.

"ನೋಡ್ರಿ ಕಾಕು. ಹಾಸಿನ್ಯಾಗ, ಅಂದ್ರ ಉದ್ದನ್ನ ಎಳ್ಯಾಗ, ಇಲ್ಲಿ ಮಟ ಹಸರು, ಇಲ್ಲಿಂದ ಕೆಂಪು. ಆದ್ರ ಅಡ್ಡ ಹಾಯೂ ಹೊಕ್ಕಿನ ಎಳಿ ಒಂದ. ಲಾಳಿ ಈ ದಂಡಿಯಿಂದ ಆ ದಂಡಿಗೆ ಹಾಯತೈತಿ, ಹಸರಿನ್ಯಾಗೂ ಹೋಗತೈತಿ, ಕೆಂಪಿನ್ಯಾಗೂ ಹೋಗತೈತಿ. ಹಂಗಂತ ದಡಿ ಅಳಿಸಿ ಹೋಗೇತೇನ್ರಿ? ಹಾಸು ಗಟ್ಟಿ ಇದ್ರ ದಡಿ ಉಳಿತೈತಿ."

"ಮತ್ತ ಹಾಸು ಗಟ್ಟಿ ಇಲ್ಲಂದ್ರ?" ಎಂದಳು ಶಾಂತವ್ವ.

"ಹಾಸು ತೆಳ್ಳಗಾದ್ರ ಹೊಕ್ಕಿನ ಬಣ್ಣಾನ ಎಲ್ಲಾ ಕಡೆ ಎದ್ದು ಕಾಣತೈತಿ. ಈ ಗುಡ್ಡದಾಗ ಅದ ಚಿಂತಿ ನನಗ. ತ್ವಾಳ ಬೆರಳ ಮ್ಯಾಗ ಎಣಸೂವಷ್ಟು ಅದಾವ, ನಾಯಿ ಊರ ತುಂಬ. ಕಾಕಾ, ನಿಮ್ಮ ನಾಯಿ ಬಿಜಲಿ ಬೆದಿಗೆ ಬಂದ್ರ ಕೋಲಿ ಬಿಟ್ಟು ಹೊರಗ ಬಿಡಬ್ಯಾಡ್ರಿ."

"ಬಿಡೂದಿಲ್ಲ ತಗೋ" ಎಂದೆ.

ಅವಳ ಮಾತಿನ ಅರ್ಧ ಮಾತ್ರ ನಾನು ಇಟ್ಟುಕೊಂಡೆ. ಕೂಡಿದರೂ ತೋಳ ತೋಳವಾಗಿಯೇ ಉಳಿಯುತ್ತದೆ, ನಾಯಿ ನಾಯಿಯಾಗಿಯೇ ಉಳಿಯುತ್ತದೆ. ಅಂದ ಮೇಲೆ ಒಂದು ಸಲ ಕೂಡಿಸಿದರೆ ಯಾರಿಗೆ ಏನು ಹಾನಿ? ತೆಳ್ಳಗಿನ ಹಾಸಿನ ಮಾತು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು. ಓದದವರು ಮಾಡುವ ತಪ್ಪು ಬೇರೆ. ನಾನು ಹೈಸ್ಕೂಲು ಪಾಸಾದವನು, ತಿಳಿದುಕೊಂಡು ಮಾಡಿದೆ.

ಸೀಗಿ ಹುಣ್ಣಿಮೆಯ ಹೊತ್ತಿಗೆ ಬಿಜಲಿ ಬೆದೆಗೆ ಬಂತು. ಸುಧಾ ಹಬ್ಬಕ್ಕೆ ರಬಕವಿಗೆ ಹೋಗಿದ್ದಳು. ಬಿಜಲಿ ನನ್ನ ನಾಯಿಗಳಲ್ಲೆಲ್ಲ ಚೆಲುವೆ. ಹಾಲಿನ ಬಣ್ಣ, ಕಿವಿಯ ಮೇಲೆ ಸ್ವಲ್ಪ ಕಂದು. ಆ ವಾರ ಅದರ ಕಣ್ಣಲ್ಲಿ ಪಿಸುರು ಬರುತ್ತಿತ್ತು, ಮೂಗು ಸೋರುತ್ತಿತ್ತು, ನಡುನಡುವೆ ಕೆಮ್ಮುತ್ತಿತ್ತು. ಕೆಳಗಿನ ಓಣಿಯಲ್ಲಿ ಬೀದಿ ನಾಯಿಯ ಮರಿಗಳು ಸತ್ತಿದ್ದವು. ಹಿಂಗಾರಿ ಮಳೆಯ ನೆಗಡಿ ಎಂದುಕೊಂಡೆ. ಆ ವರ್ಷ ರೋಗ ತಡೆಯುವ ಸೂಜಿ ಹಾಕಿಸುವುದನ್ನು ನಾಳೆ ನಾಡಿದ್ದು ಎಂದು ಮುಂದೂಡಿದ್ದೆ.

ಶಾಂತವ್ವ ಹೊಲದ ಹಬ್ಬದ ಬುತ್ತಿ ಕಟ್ಟುವ ಗಡಿಬಿಡಿಯಲ್ಲಿದ್ದಾಗ ಬಿಜಲಿಯನ್ನು ಹಗ್ಗ ಹಾಕಿ ಕರೆದುಕೊಂಡು ಹೋದೆ. ಗುಡ್ಡದ ಬಾಯಿ ಎಂದರೆ ಎರಡು ದಿಬ್ಬಗಳ ನಡುವೆ ಹಳ್ಳ ಇಳಿಯುವ ಜಾಗ. ಅಲ್ಲಿದ್ದ ಜಾಲಿಯ ಬೊಡ್ಡೆಗೆ ಅದನ್ನು ಕಟ್ಟಿದೆ. ಸುತ್ತ ಬಂದರಿ ಗಿಡ ಮಳೆಗೆ ತೊಯ್ದು ನಿಂತಿತ್ತು. ನಾನು ದೂರದ ಒಡ್ಡಿನ ಹಿಂದೆ ಕಂಬಳಿ ಹೊದ್ದು ಕುಳಿತೆ. ಬಿಜಲಿ ನನ್ನ ಕಡೆಯೇ ನೋಡುತ್ತಿತ್ತು. ಮೊದಲು ಬಾಲ ಅಲ್ಲಾಡಿಸಿತು. ಆಮೇಲೆ ಕುಂಯ್‌ಗುಟ್ಟಿತು. ಮೂರು ಸಂಜೆ ಕಟ್ಟಿದೆ. ಮೂರನೆಯ ಸಂಜೆ ಗಂಡು ತೋಳ ಬಂತು.

ಇನ್ನೂ ಬೆಳಕಿತ್ತು. ಬಂದರಿಯ ನಡುವಿನಿಂದ ಅದು ಬಂದದ್ದೇ ಗೊತ್ತಾಗಲಿಲ್ಲ. ಮೊದಲು ಏನೂ ಇರಲಿಲ್ಲ, ಆಮೇಲೆ ಇತ್ತು. ಮಣ್ಣಿನ ಬಣ್ಣ. ಒಂದು ಕಿವಿಯ ತುದಿ ಹರಿದಿತ್ತು. ಬಿಜಲಿ ನೆಲಕ್ಕೆ ಹತ್ತಿ ಮಲಗಿಬಿಟ್ಟಿತು. ತೋಳ ಬಿಜಲಿಯ ಮೂಗಿಗೆ ಮೂಗು ಹಚ್ಚಿ ಬಹಳ ಹೊತ್ತು ಮೂಸಿತು. ಆ ಮೂಸುವಿಕೆ ಈಗಲೂ ನನ್ನ ಕಣ್ಣ ಮುಂದಿದೆ. ನಮ್ಮ ನಾಯಿಯ ಸೋರುವ ಮೂಗಿಗೆ ಅದು ತನ್ನ ಮೂಗನ್ನು ಒತ್ತಿ ನಿಂತಿತ್ತು. ನಾನು ಆಗ ಏನು ಯೋಚಿಸುತ್ತಿದ್ದೆ? ಜಮಖಂಡಿಯವನ ಮೋರೆ ಹೇಗಾಗುತ್ತದೆ ನೋಡೋಣ ಎಂದು.

ಮುಂದಿನ ವಾರಗಳಲ್ಲಿ ಬಿಜಲಿ ಮೆತ್ತಗಾಯಿತು, ಅನ್ನ ಬಿಟ್ಟಿತು, ಆಮೇಲೆ ಮೆಲ್ಲಗೆ ಚೇತರಿಸಿಕೊಂಡಿತು. ಸುಧಾ ಹಬ್ಬ ಮುಗಿಸಿ ಬಂದವಳು ಗುಡ್ಡದಲ್ಲಿಯೇ ಇರುತ್ತಿದ್ದಳು. ಜೋಳ ಮೊಳಕಾಲೆತ್ತರ ಬಂದಿತ್ತು. ಒಂದು ಬೆಳಿಗ್ಗೆ ಕಾಲುವೆಯ ಕಡೆಯಿಂದ ಗದ್ದಲ ಕೇಳಿತು. "ಹುಚ್ಚು ತ್ವಾಳ ಬಂದೈತಿ! ಹುಡುಗೂರ್ನ ಒಳಗ ಕರಕೋರಿ!"

ಓಡಿದೆ. ಕಾಲುವೆಯ ದಂಡೆಯ ಮೇಲೆ, ಕಬ್ಬು ಕಡಿಯುವವರ ಗುಡಿಸಲುಗಳ ಹತ್ತಿರ, ಹಾಡಹಗಲಲ್ಲಿ ತೋಳ ಸುತ್ತು ತಿರುಗುತ್ತಿತ್ತು. ಹಿಂಗಾಲು ಎಳೆಯುತ್ತಿದ್ದವು. ಬಾಯಿ ಸುಮ್ಮನೆ ಗಾಳಿಯನ್ನು ಅಗಿಯುತ್ತಿತ್ತು. ಮಂದಿಯನ್ನು ನೋಡಿ ಅದು ಹೆದರಲೂ ಇಲ್ಲ, ಮೇಲೆ ಬೀಳಲೂ ಇಲ್ಲ. ಮಂದಿ ಇರುವುದೇ ಅದಕ್ಕೆ ಗೊತ್ತಿರಲಿಲ್ಲ. ಕಿವಿಯ ತುದಿ ಹರಿದಿತ್ತು.

ಕಲ್ಲು ಮೊದಲು ಯಾರು ಎಸೆದರೋ. ಆಮೇಲೆ ಬಡಿಗೆ. ಅವರ ತಪ್ಪಲ್ಲ. ಗುಡಿಸಲಲ್ಲಿ ಕೂಸುಗಳು ಮಲಗಿದ್ದವು. ನನ್ನ ಕೈಯಲ್ಲಿಯೂ ಬಡಿಗೆ ಇತ್ತು. ನಾನು ಹೊಡೆಯಲಿಲ್ಲ. "ಬಿಡ್ರೋ, ಅದು ಹುಚ್ಚಲ್ಲ, ಬ್ಯಾನಿ ಬಂದೈತಿ" ಎಂದು ಹೇಳಲೂ ಇಲ್ಲ. ಬಿಜಲಿ ಬಾಯಿ ಅಗಿದಿದ್ದನ್ನು, ಅದರ ಕಾಲು ಅದುರಿದ್ದನ್ನು ನಾನು ಮನೆಯಲ್ಲಿ ನೋಡಿದ್ದೆ. ಆ ಗುಂಪಿನಲ್ಲಿ ಆ ರೋಗವನ್ನು ಮೊದಲೇ ಕಂಡವನು ನಾನೊಬ್ಬನೇ.

ಸುಧಾ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಅಳಲಿಲ್ಲ. ಅದರ ತಲೆಯ ಹತ್ತಿರ ಕುಳಿತು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು. ಮುಂದಿನ ದಿನಗಳಲ್ಲಿ ಬೀರಪ್ಪ ಹಳ್ಳದಲ್ಲಿ ಎಳೆಯ ತೋಳಗಳ ಹೆಣ ಕಂಡ. ಒಂದಾದ ಮೇಲೊಂದು. ದನದ ಡಾಕ್ಟರು ನೋಡಿ, ಇದು ನಾಯಿಗಳಿಗೆ ಬರುವ ಡಿಸ್ಟೆಂಪರ್, ಊರಿನ ನಾಯಿಯಿಂದಲೇ ಗುಡ್ಡಕ್ಕೆ ಏರಿದೆ ಎಂದರು. ಉಳಿದದ್ದು ಹಿರಿಯಾಕಿ ಒಬ್ಬಳೇ.

ಸುಧಾ ಮನೆಮನೆಗೆ ಹೋಗಿ ಕೇಳಿದಳು, ಯಾರ ನಾಯಿಗೆ ಬೇನೆ ಬಂದಿತ್ತು ಎಂದು. ಬೈಯಲು ಅಲ್ಲ, ಹರಡದಂತೆ ಉಳಿದ ನಾಯಿಗಳಿಗೆ ಸೂಜಿ ಹಾಕಿಸಲು. ಕೊನೆಗೆ ನಮ್ಮ ಅಂಗಳಕ್ಕೂ ಬಂದಳು. ನಾನು ಹಗ್ಗ ಹೊಸೆಯುತ್ತ ಕುಳಿತಿದ್ದೆ.

"ಕಾಕಾ, ಬಿಜಲಿಗೆ ಏನರೆ ಆಗಿತ್ತೇನ್ರಿ ನಾ ಊರಿಗೆ ಹೋದಾಗ?"

"ಇಲ್ಲವಾ."

"ಮೂಗು ಸೋರೂದು, ಕೆಮ್ಮು?"

"ಇಲ್ಲಂದ್ನೆಲ್ಲ."

"ಗುಡ್ಡದ ಕಡೆ ಹೋಗಿತ್ತೇನ್ರಿ?"

"ಕಟ್ಟಿದ ನಾಯಿ ಎಲ್ಲಿ ಹೋಗತೈತವಾ?"

ಒಳಗೆ ಶಾಂತವ್ವ ಪಾತ್ರೆ ತೊಳೆಯುತ್ತಿದ್ದಳು. ಸಪ್ಪಳ ನಿಂತಿತು. ಬಿಜಲಿಯ ಮೂಗು ಒರೆಸಿದವಳೇ ಅವಳು. ಅವಳು ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪಾತ್ರೆಯ ಸಪ್ಪಳ ಮತ್ತೆ ಶುರುವಾಯಿತು. ಆ ಸಂಜೆ ನನಗೆ ರೊಟ್ಟಿ ಬಡಿಸಿದಳು, ಮಾತು ಬಡಿಸಲಿಲ್ಲ.

ಎಳ್ಳ ಅಮಾವಾಸ್ಯೆಗೆ ಮುಂಚೆ ಬಿಜಲಿ ಮರಿ ಹಾಕಿತು. ಹೆಚ್ಚಿನವು ಸತ್ತೇ ಹುಟ್ಟಿದವು. ಒಂದು ಉಳಿಯಿತು, ಗಂಡು. ಅದು ಕಣ್ಣು ಬಿಟ್ಟ ದಿನ ನಾನು ಹೆದರಿದೆ. ನಮ್ಮ ನಾಯಿಯ ಉದ್ದ ಕಾಲು, ಅದರ ಮೇಲೆ ತೋಳದ ತಲೆ. ಮಣ್ಣಿನ ಬಣ್ಣ. ಏಳು ತಲೆ ಓಡುವ ರಕ್ತ ಬೇಕೆಂದವನು ನಾನೇ. ಈಗ ಅದನ್ನು ನೋಡಲು ಆಗುತ್ತಿರಲಿಲ್ಲ. ಸುಧಾ ಕಣ್ಣಿಗೆ ಬಿದ್ದರೆ ಒಂದೇ ನೋಟಕ್ಕೆ ಗುರುತಿಸುತ್ತಾಳೆ. ಮನೆಯ ನಾಯಿಯದೇ ಮರಿ, ಎಲ್ಲ ಸತ್ತವು ಎಂದು ಅವಳಿಗೆ ಹೇಳಿ, ಅದನ್ನು ಹೊಟ್ಟಿನ ಕೋಣೆಯಲ್ಲಿ ಮುಚ್ಚಿಟ್ಟೆ. ಮರಿ ತಾನಾಗಿ ತಿನ್ನುವಂತಾದ ಮೇಲೆ, ಸುಧಾ ಗುಡ್ಡಕ್ಕೆ ಹೋಗುವುದನ್ನು ಬಿಟ್ಟ ಹೊತ್ತು ನೋಡಿ, ಕಂಬಳಿಯಲ್ಲಿ ಸುತ್ತಿ ಬೀರಪ್ಪನ ಹಟ್ಟಿಗೆ ಒಯ್ದೆ.

ಬೀರಪ್ಪ ಅದರ ಬಾಯಿ ಬಿಡಿಸಿ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಎಲ್ಲಿ ತಂದಿ ಇದನ್ನ?"

"ಸಂತ್ಯಾಗ ಸಿಕ್ತು."

"ಸಂತ್ಯಾಗ!" ಎಂದು ಅವನು ನಕ್ಕ, ಆದರೆ ಕಣ್ಣು ನಗಲಿಲ್ಲ. "ಲೇ ರಾಚಪ್ಪಾ, ನೀವು ನಾಯಿಗೆ ಸುದ್ದಾ ಮನಿತನ ನೋಡಿ ಹೆಣ್ಣ ಕೊಡೂ ಮಂದಿ. ಈ ಬೀಗತನ ಯಾರ ಕೂಡ ಮಾಡಿದ್ಯೋ?"

ನಾನು ಕಂಬಳಿ ಮಡಚಿಕೊಂಡೆ. ಅವನಿಗೆ ಉತ್ತರ ಬೇಕಾಗಿಯೂ ಇರಲಿಲ್ಲ. "ಆತು, ಇರ್ಲಿ ಬಿಡು. ಕುರಿ ಕಾಯತೈತಿ" ಎಂದ. ಕುರಿ ಕಾಯುವ ಆ ಲೆಕ್ಕದಲ್ಲಿ ಅವನೂ ತಪ್ಪಿದ.

ಸಂಕ್ರಾಂತಿಯ ನಂತರ ಸುಧಾ ಹೊರಟಳು. ಅವಳು ಬಂದ ಕೆಲಸಕ್ಕೆ ಗುಡ್ಡದಲ್ಲಿ ಇನ್ನು ಏನೂ ಉಳಿದಿರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತು, "ಹಾಸಾ ಹರದು ಹೋತ್ರಿ ಕಾಕಾ. ಒಂದ ಎಳಿ ಉಳದೈತಿ. ಬ್ಯಾರೆ ಗುಡ್ಡದಿಂದ ಇನ್ನೊಂದ ಗಂಡು ಬರೂ ಮಟ ಆಕಿ ಇರಬೇಕು" ಎಂದಳು. ಬೇರೆ ಗುಡ್ಡ ಎಲ್ಲಿದೆ? ನಡುವೆ ಕಾಲುವೆ, ಹಿನ್ನೀರು, ಹರದಾರಿಗಟ್ಟಲೆ ಕಬ್ಬು, ರಸ್ತೆ, ಲಾರಿ. ಅವಳಿಗೂ ಗೊತ್ತಿತ್ತು. ಶಾಂತವ್ವ ಅವಳ ಕೈಗೆ ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟು, ಅವಳ ತಲೆ ಸವರಿ, ಅಳುತ್ತ ಒಳಗೆ ಹೋದಳು. ಅವಳು ಯಾಕೆ ಅಷ್ಟು ಅತ್ತಳೆಂದು ಸುಧಾಳಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು.

ಆ ಹಿಂಗಾರಿ ಅಲ್ಲಿಗೆ ಮುಗಿಯಿತು. ಅದರ ಫಲ ಮಾತ್ರ ಆಮೇಲೆ ಬಂತು.

ಬೀರಪ್ಪನ ಹಟ್ಟಿಯಲ್ಲಿ ಮರಿ ಎತ್ತರವಾಗಿ ಬೆಳೆಯಿತು. ಕುರಿ ಕಾಯಲಿಲ್ಲ, ಕುರಿಗಳೇ ಅದರ ಹತ್ತಿರ ಬರುತ್ತಿರಲಿಲ್ಲ. ರೊಟ್ಟಿ ಎಸೆದರೆ ಜನ ಸರಿಯುವವರೆಗೆ ದೂರ ನಿಂತು ನೋಡುತ್ತಿತ್ತು. ಬೇರೆ ನಾಯಿಗಳು ಕಚ್ಚಿ ಓಡಿಸುತ್ತಿದ್ದವು. ಸುಧಾ ಹೇಳಿದ ನಡುವಿನ ಮರಿ ಅದು. ಎರಡೂ ಕಡೆ ಜಾಗವಿಲ್ಲದ್ದು. ಗುಡ್ಡದಲ್ಲಿ ತೋಳಗಳು ತುಂಬಿದ್ದರೆ ಅವೂ ಅದನ್ನು ಓಡಿಸುತ್ತಿದ್ದವು. ಅಲ್ಲಿಗೆ ಅದರ ಕತೆ ಮುಗಿಯುತ್ತಿತ್ತು. ಆದರೆ ಗುಡ್ಡ ಖಾಲಿಯಿತ್ತು. ಅಲ್ಲಿ ಇದ್ದವಳು ಹಿರಿಯಾಕಿ ಒಬ್ಬಳೇ, ವರ್ಷವಿಡೀ ಕೂಗಿ ಕೂಗಿ ಯಾರ ಉತ್ತರವೂ ಬಾರದವಳು. ಮುಂದಿನ ಹಿಂಗಾರಿಯಲ್ಲಿ ಅದು ಹಟ್ಟಿ ಬಿಟ್ಟು ಗುಡ್ಡ ಹತ್ತಿತು. ಬೀರಪ್ಪ ಎರಡನ್ನೂ ಒಟ್ಟಿಗೆ ಕಂಡ. ಆಮೇಲೆ ಮರಿಗಳನ್ನೂ ಕಂಡ.

ಅವನು ಬಂದು ಹೇಳಿದಾಗ ನಾನು, "ಹಿಡಸೂಣೇನ?" ಎಂದೆ.

"ಹಿಡದು? ಆ ಮುದುಕಿನ್ನ ಮತ್ತ ಒಬ್ಬಾಕಿನ್ನ ಮಾಡೂಣೇನ?" ಎಂದ ಅವನು.

ನಾನು ಕೆಲಸವಿದ್ದವನಂತೆ ಎದ್ದು ಹೊಲಕ್ಕೆ ಹೋದೆ. ಹೊಲದಲ್ಲಿ ಕೆಲಸವೇನೂ ಇರಲಿಲ್ಲ.

ಸುಧಾ ಈಗ ದೂರದ ಊರಿನ ಕಾಲೇಜಿನಲ್ಲಿ ಕಲಿಸುತ್ತಾಳೆ. ಪ್ರತಿ ಹಿಂಗಾರಿಗೆ ಫೋನು ಮಾಡಿ, ಶಾಂತವ್ವನ ಕೂಡ ನಕ್ಕು ಮಾತಾಡಿ, ಕೊನೆಗೆ ನನ್ನನ್ನು ಕೇಳುತ್ತಾಳೆ. "ಕಾಕಾ, ಗುಡ್ಡದಾಗ ಕೂಗು ಕೇಳತೈತೇನ್ರಿ?"

"ಕೇಳತೈತವಾ" ಎನ್ನುತ್ತೇನೆ. ಸುಳ್ಳಲ್ಲ. ಅವಳು ಅತ್ತ ಕಡೆ ಸಮಾಧಾನದ ಉಸಿರು ಬಿಡುವುದು ನನಗೆ ಕೇಳಿಸುತ್ತದೆ. ಬಿಜಲಿ ಸತ್ತು ಎರಡು ವರ್ಷವಾಯಿತು. ನಾನು ಮತ್ತೆ ನಾಯಿ ಸಾಕಲಿಲ್ಲ. ಹೊಟ್ಟಿನ ಕೋಣೆಯಲ್ಲಿ ಈಗ ಹೊಟ್ಟೇ ಇದೆ.

ಮೊನ್ನೆ ಬಸ್ಸಿನಿಂದ ಇಳಿದು ಆ ವಾಸನೆಯಲ್ಲಿ ನಿಂತಾಗ ಹೊತ್ತು ಮುಳುಗುತ್ತಿತ್ತು. ರಸ್ತೆಯ ಮೇಲಿನ ಕಬ್ಬನ್ನು ಇನ್ನೂ ಸರಿಸುತ್ತಿದ್ದರು. ಆಗ ಗುಡ್ಡದ ಬಾಯಿಯ ಕಡೆಯಿಂದ ಕೂಗು ಎದ್ದಿತು. ಕೆಳಗಿನಿಂದ ಶುರುವಾಗಿ ಉದ್ದಕ್ಕೆ ಏರಿತು. ಏರಿದ್ದು ತುದಿಗೆ ಹೋಗಿ ಇಳಿಯಲಿಲ್ಲ. ಅಲ್ಲಿಯೇ ಮುರಿದು ಬೌ ಬೌ ಎಂದು ಬೊಗಳಿತು.

"ತ್ವಾಳ ಐತಿ" ಎಂದಳು ಕಬ್ಬು ತಿನ್ನುತ್ತಿದ್ದ ಒಬ್ಬ ಹೆಂಗಸು.

"ನಾಯಿ ತಗೋ ಬೇ. ಬೊಗಳಿದ್ದು ಕೇಳಲಿಲ್ಲೇನ?" ಎಂದ ಅವಳ ಗಂಡ.

"ಮೊದಲ ಕೂಗಿದ್ದು ನಿನಗ ಕೇಳಲಿಲ್ಲೇನ?"

"ಅರ್ಧಾ ತ್ವಾಳ, ಅರ್ಧಾ ನಾಯಿ. ಆತಿಲ್ಲೋ? ಜಗಳಾ ಬಿಡ್ರಿ" ಎಂದ ಕಂಡಕ್ಟರ. ಎಲ್ಲರೂ ನಕ್ಕರು.

ನಾನು ಅವರಿಂದ ಸರಿದು ಫೋನು ತೆಗೆದೆ. ಪೊರೆ ಬಂದ ಕಣ್ಣಿಗೆ ಹೆಸರು ಕಾಣಲಿಲ್ಲ. ಕಾಲೇಜು ಹುಡುಗನೊಬ್ಬನಿಂದ ಹಚ್ಚಿಸಿಕೊಂಡೆ. ಸುಧಾ ಎತ್ತಿದ ಕೂಡಲೇ, "ಮಾತಾಡಬ್ಯಾಡವಾ, ಕೇಳು" ಎಂದು ಫೋನನ್ನು ಗುಡ್ಡದ ಕಡೆಗೆ ಎತ್ತಿ ಹಿಡಿದೆ. ಕೂಗು ಮತ್ತೆ ಬಂತು. ಏರಿತು, ಮುರಿಯಿತು, ಬೊಗಳಿತು.

ಫೋನನ್ನು ಕಿವಿಗೆ ತಂದೆ.

"ಯಾವದ್ರಿ ಇದು ಕಾಕಾ?" ಎಂದಳು.

"ಬಿಜಲಿ ವಂಶದ್ದು. ಅದನ್ನ ನಾನ ಕಟ್ಟಿದ್ನೆವಾ ಗುಡ್ಡದ ಬಾಯಾಗ. ಸೀಗಿ ಹುಣ್ಣಿವಿಗೆ ನೀ ಊರಿಗೆ ಹೋದಾಗ. ಮೂಗು ಸೋರತಿತ್ತು. ನೀ ಕೇಳಿದಾಗ ಇಲ್ಲಂದೆ."

ಇಷ್ಟು ವರ್ಷ ಹೊತ್ತದ್ದನ್ನು ಹೇಳಲು ಇಷ್ಟೇ ಮಾತು ಸಾಕಾಯಿತು. ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಆಗ ಹೇಳಿದ್ರ ಎಳೀ ಮರಿ ಒಂದೆರಡರೆ ಉಳಿತಿದ್ವೇನೋ ಕಾಕಾ" ಎಂದಳು. ಮತ್ತೆ ತಾನೇ, "ಉಳಿತಿದ್ದಿಲ್ಲೇನೋ. ಈಗ ಯಾರಿಗೆ ಗೊತ್ತಾಗತೈತ್ರಿ?"

"ಈಗೇನರೆ ಮಾಡಾಕ ಬರತೈತೇನವಾ?"

ಅವಳು ಉತ್ತರ ಕೊಡುವ ಮೊದಲು ಗುಡ್ಡದ ಕೂಗು ಮೂರನೆಯ ಸಲ ಎದ್ದಿತು. ರಸ್ತೆಯ ಕೆಳಗೆ ನಮ್ಮ ಊರಿನ ದೀಪಗಳು ಹತ್ತಿದ್ದವು. ಅಲ್ಲಿಂದ ಬೀದಿ ನಾಯಿಯೊಂದು ಬೊಗಳಿತು. ಹೆದರಿ ಬೊಗಳಿದ್ದಲ್ಲ. ಇನ್ನೊಂದು ಸೇರಿತು, ಮತ್ತೊಂದು ಸೇರಿತು. ಬಂಡಿಯ ಕೆಳಗೆ ಯಾವುದೂ ಹೋಗಲಿಲ್ಲ. ಓಣಿಯ ಪರಿಚಯದವರು ಕರೆದರೆ ಓಗೊಡುವ ಹಾಗೆ, ಒಂದೊಂದಾಗಿ ಊರಿನ ನಾಯಿಗಳೆಲ್ಲ ಗುಡ್ಡಕ್ಕೆ ಉತ್ತರ ಕೊಟ್ಟವು.

ಫೋನು ಇನ್ನೂ ಕಿವಿಗೇ ಇತ್ತು. ಸುಧಾ ಅದನ್ನು ಇಟ್ಟಿರಲಿಲ್ಲ. ಅವಳೂ ಕೇಳುತ್ತಿದ್ದಳು.